ಬಿಗಿ ಎಂದ ಬಾಯಿ

ಮೂವತ್ತೊಂದು ವರ್ಷದಿಂದ ಸೈಕಲ್ ಚಕ್ರ ಕಟ್ಟುತ್ತಿದ್ದೇನೆ. ಈಗ ಯಾರಾದರೂ ಹೊಸ ರಿಮ್ ತಂದು ಮುಂದಿಟ್ಟರೆ ಮೊದಲು ಮಣಿಕಟ್ಟು ನೋಯುತ್ತದೆ, ಆಮೇಲೆ ತಲೆ. ಗಿರಾಕಿಗಳಿಗೆ ಎಲ್ಲ ಗೊತ್ತಿರುತ್ತದೆ. ಎಲ್ಲ ಗೊತ್ತಿದ್ದವರು ನನ್ನ ಹತ್ತಿರ ಯಾಕೆ ಬರುತ್ತಾರೋ, ಅದೊಂದು ಮಾತ್ರ ನನಗೆ ಗೊತ್ತಿಲ್ಲ.

ಹೋದ ವಾರ ಒಂದು ಮಧ್ಯಾಹ್ನ ಬಂದವಳು ತಂಗಿಯ ಮಗಳು. ಬೆಟ್ಟದ ಮೇಲಿನ ಚಿಕಿತ್ಸಾಲಯದಿಂದ ಕೆಳಗಿನ ಆಸ್ಪತ್ರೆಗೆ ರಕ್ತದ ಮಾದರಿಗಳನ್ನು ಸೈಕಲ್ಲಿನಲ್ಲಿ ಇಳಿಸುವುದು ಅವಳ ಕೆಲಸ. ಹೋದ ವರ್ಷ ಆ ಇಳಿಜಾರಿನಲ್ಲಿ ಮುಂದಿನ ಚಕ್ರ ಕಳಚಿಕೊಂಡಿತು. ಎರಡು ಹಲ್ಲು ಹೋದವು, ಬಲಗೈ ಮುರಿಯಿತು. ಹನ್ನೊಂದು ತಿಂಗಳಾದ ಮೇಲೆ ಮತ್ತೆ ಕೆಲಸಕ್ಕೆ ಹೊರಟಿದ್ದಳು. ಹೊಸ ಸೈಕಲ್ಲಿಗೆ ಚಕ್ರ ನಾನೇ ಕಟ್ಟಬೇಕಂತೆ.

"ಬೇರೆ ಯಾರ ಕೈ ಮೇಲೂ ನಂಬಿಕೆ ಇಲ್ಲ ಮಾವ" ಎಂದಳು. ನಾನು ರಿಮ್ಮುಗಳ ಕಡೆ ತಿರುಗಿದೆ.

"ರಿಮ್ ಕಾರ್ಬನ್‌ದು ಹಾಕಿ. ಹಗುರ ಇರುತ್ತೆ."

"ಹಗುರ ಇರುತ್ತೆ, ಕಲ್ಲಿಗೆ ಬಡಿದ್ರೆ ಸೀಳುತ್ತೆ. ಅಲ್ಯೂಮಿನಿಯಂ ಆದ್ರೆ ನೆಗ್ಗುತ್ತೆ ಅಷ್ಟೆ, ಇಕ್ಕಳದಲ್ಲಿ ನೆಗ್ಗು ಎತ್ತಿ ಮನೆಗೆ ಬರಬಹುದು. ಜೋಡಿ ಗೋಡೆಯ ರಿಮ್ಮು, ಮೂವತ್ತೆರಡು ಕಡ್ಡಿ. ಭಾರ ಅಂತ ಗೊಣಗಬೇಡ."

"ಗಂಡು ಹುಡುಕೋರ ಥರ ಮಾತಾಡ್ತೀರಿ."

"ಗಂಡು ನೆಗ್ಗಿದ್ರೆ ಎತ್ತೋ ಇಕ್ಕಳ ನನ್ನ ಹತ್ರ ಇಲ್ಲ."

ನಕ್ಕಳು. ಹೊಸ ಹಲ್ಲು ಎರಡೂ ಉಳಿದವುಗಳಿಗಿಂತ ಬೆಳ್ಳಗಿದ್ದವು.

ಮುಂದಿನ ಚಕ್ರವನ್ನು ಹಿಡಿಯುವ ಫೋರ್ಕ್ ಇನ್ನೂ ಕೊಂಡಿರಲಿಲ್ಲ; ಚಕ್ರದ ಅಚ್ಚು ಯಾವುದೋ, ಅದಕ್ಕೆ ತಕ್ಕ ಫೋರ್ಕ್. ಎರಡು ಅಚ್ಚು ತೆಗೆದು ಬೆಂಚಿನ ಮೇಲಿಟ್ಟೆ. ಒಂದು ಹಳೆಯ ಬಗೆಯ ತೆಳ್ಳನೆಯದು. ಫೋರ್ಕಿನ ತೆರೆದ ಬಾಯಲ್ಲಿ ಕೂರುತ್ತದೆ, ಲಿವರ್ ಮಡಚಿದರೆ ಕಚ್ಚಿ ಹಿಡಿಯುತ್ತದೆ. ಇನ್ನೊಂದು ಹೆಬ್ಬೆರಳಿನಷ್ಟು ದಪ್ಪ. ಫೋರ್ಕಿನ ಒಂದು ಕಾಲಿನ ತೂತಿನಿಂದ ಹೊಕ್ಕು ಇನ್ನೊಂದು ಕಾಲಿನಲ್ಲಿ ತಿರುಪಿನಂತೆ ಕೂರುತ್ತದೆ, ಬಿಗಿಸಲು ಆರು ಮೂಲೆಯ ಕೀ ಬೇಕು. ದಪ್ಪನೆಯದನ್ನು ಅವಳ ಕಡೆಗೆ ತಳ್ಳಿದೆ.

"ಬೇಡ, ಲಿವರ್‌ದೇ ಇರಲಿ. ದಾರೀಲಿ ಪಂಕ್ಚರ್ ಆದ್ರೆ ಕೀ ಹುಡುಕೋ ಗೋಳಿಲ್ಲ" ಎಂದಳು. "ಅಚ್ಚಿಂದು ಏನ್ ತಪ್ಪು? ಅವತ್ತು ನೀವು ಮುಟ್ಟಿ ನೋಡಿ ಕಳಿಸಿದ್ರಿ. ದಾರೀಲಿ ನಾನೇ ಏನೋ ಕೈಯಾಡಿಸಿರ್ಬೇಕು. ಈ ಸಲ ಹುಷಾರಾಗಿರ್ತೀನಿ."

ನಮ್ಮ ಅಂಗಡಿಯಲ್ಲಿ ಒಂದು ರೂಢಿ ಇದೆ. ಚಕ್ರ ಕೂರಿಸಿದವರು "ಬಿಗಿ?" ಎಂದು ಕೇಳಬೇಕು. ಇನ್ನೊಬ್ಬರು ಅಚ್ಚನ್ನು ಮುಟ್ಟಿ ನೋಡಿ "ಬಿಗಿ" ಎನ್ನಬೇಕು. ಬಿದ್ದ ದಿನದ ಬೆಳಿಗ್ಗೆ ಅವಳು ಇಲ್ಲೇ ಪಂಕ್ಚರ್ ಹಾಕಿ ಚಕ್ರವನ್ನು ತಾನೇ ಕೂರಿಸಿದ್ದಳು. ಲಿವರನ್ನು ಮಡಚುವ ಬದಲು ನಟ್ಟಿನ ಹಾಗೆ ತಿರುಗಿಸಿ ಬಿಟ್ಟಿದ್ದಳೆಂದು ಆಮೇಲೆ ಮುರಿದ ಸೈಕಲ್ ನೋಡಿ ತಿಳಿಯಿತು. ಹೊಸಬರೆಲ್ಲ ಮಾಡುವ ತಪ್ಪು, ಮುಟ್ಟಿದ ಕೂಡಲೇ ಗೊತ್ತಾಗುವ ತಪ್ಪು. "ಬಿಗಿ?" ಎಂದಳು. ನಾನು ಇನ್ನೊಂದು ಚಕ್ರಕ್ಕೆ ಕಡ್ಡಿ ಪೋಣಿಸುತ್ತಿದ್ದೆ. ತಲೆ ಎತ್ತದೆ "ಬಿಗಿ" ಎಂದೆ.

ಹನ್ನೊಂದು ತಿಂಗಳು ಬಾಯಿ ಬಿಡಲಿಲ್ಲ. ತಂಗಿ ಆಸ್ಪತ್ರೆಯಲ್ಲಿ ಮಗಳನ್ನು "ನಿಂಗೆ ಎಲ್ಲದ್ರಲ್ಲೂ ಅವಸರ" ಎಂದು ಬೈಯುವಾಗ ಪಕ್ಕದಲ್ಲಿ ನಿಂತು ತಲೆಯಾಡಿಸಿದ್ದೆ ಕೂಡ. ಅದಕ್ಕೆ ನಾಚಿಕೆಗೇಡು ಅಂತಲೇ ಹೆಸರು.

"ನಾನು ಅವತ್ತು ಮುಟ್ಟಿರ್ಲಿಲ್ಲ" ಎಂದೆ. "ಸುಮ್ನೆ ಬಿಗಿ ಅಂದೆ."

ಅವಳು ದಪ್ಪ ಅಚ್ಚನ್ನು ಎತ್ತಿಕೊಂಡು ಕೈಯಲ್ಲಿ ಹೊರಳಿಸಿದಳು.

"ಹಾಗಾದ್ರೆ ಈ ದಪ್ಪ ಅಚ್ಚು ಕೊಡ್ತಿರೋದು ನನ್ನ ಮರೆವಿಗೆ ಹೆದರಿ ಅಲ್ಲ."

"ಅಲ್ಲ. ನನ್ನ ಮರೆವಿಗೆ. ಇದು ಸ್ವಲ್ಪ ಸಡಿಲ ಉಳಿದ್ರೂ ಚಕ್ರ ಥಟ್ಟಂತ ಕಳಚಲ್ಲ."

"ಕಟ್ಟಿ" ಎಂದಳು. ಅಮ್ಮನಿಗೆ ಹೇಳುತ್ತೇನೆ ಎನ್ನಲಿಲ್ಲ, ಹೇಳುವುದಿಲ್ಲ ಎಂದೂ ಎನ್ನಲಿಲ್ಲ. ಎದ್ದು ಹೋದಳು.

ಮೂರು ದಿನ ಕೂತು ಕಟ್ಟಿದೆ. ಕಡ್ಡಿಗಳನ್ನು ಒಂದೊಂದಾಗಿ ಮೀಟಿ ನೋಡಿದೆ, ಒಂದೇ ಸದ್ದು ಬರುವ ತನಕ ಬಿಡಲಿಲ್ಲ. ಬೆರಳುಗಳು ಮಡಚಲಾರದಷ್ಟು ಸೋತವು. ನಾಲ್ಕನೆಯ ದಿನ ಅವಳು ಫೋರ್ಕ್ ಸಮೇತ ಸೈಕಲ್ ತಂದಳು. ಚಕ್ರ ಕೂರಿಸಿದಳು, ಅಚ್ಚು ತೂರಿಸಿದಳು, ಕೀ ಹಾಕಿ ತಿರುಗಿಸಿದಳು. ನಾನು ಬೆಂಚಿನ ಹತ್ತಿರ ಸಾಮಾನು ಒರೆಸುತ್ತಿದ್ದೆ.

"ಬಿಗಿ?"

"ಬಿಗಿ" ಎಂದಿತು ನನ್ನ ಬಾಯಿ. ಕೈ ಇನ್ನೂ ಒರೆಸುವ ಬಟ್ಟೆಯಲ್ಲೇ ಇತ್ತು.

ಅವಳು ನನ್ನನ್ನೇ ನೋಡಿದಳು. ಸಿಟ್ಟಿರಲಿಲ್ಲ, ಸುಸ್ತಿತ್ತು. ಕೀಯನ್ನು ನನ್ನ ಕಡೆ ಚಾಚಿದಳು.

"ಮುಟ್ಟಿ ಹೇಳಿ, ಮಾವ."

ಬಗ್ಗಿ ಕೀ ಹಾಕಿದೆ. ಅಚ್ಚು ಅರ್ಧ ಸುತ್ತು ತಿರುಗಿತು. ಬೇಕೆಂದೇ ಸಡಿಲ ಬಿಟ್ಟಿದ್ದಳು.