ಮಾತ್ರೆ ಸಿಸ್ಟ್ರು

ಸಿಸ್ಟರ್ ಅನುನ್ಸಿಯಾಟಾಳನ್ನು ಸಂತ ಪದವಿಗೆ ಏರಿಸುವ ಕೆಲಸ ಶುರುವಾಗಿದೆ ಎಂದು ಧರ್ಮಪ್ರಾಂತ್ಯದಿಂದ ಸುದ್ದಿ ಬಂದಾಗ ನಾನು ಹುರುಳಿಕಾಳು ಆರಿಸುತ್ತಾ ಕೂತಿದ್ದೆ. ನಗು ಬಂತು. ಅವಳ ಜೊತೆ ಒಂದೇ ಕಾನ್ವೆಂಟಿನಲ್ಲಿ ಅರ್ಧ ಆಯಸ್ಸು ಕಳೆದವಳು ನಾನು. ಗೊರಕೆ ಹೊಡೆಯುತ್ತಿದ್ದಳು. ಸಾರಿಗೆ ಉಪ್ಪು ಕಡಿಮೆಯಾದರೆ ಮುಖ ಊದಿಸಿಕೊಳ್ಳುತ್ತಿದ್ದಳು. ಬೆಳಗಿನ ಪ್ರಾರ್ಥನೆಯಲ್ಲಿ ತೂಕಡಿಸುತ್ತಿದ್ದಳು. ಸಂತರ ಚಿತ್ರಪಟಗಳಲ್ಲಿ ತೂಕಡಿಸುವವರನ್ನು ನಾನಂತೂ ಕಂಡಿಲ್ಲ. ಆದರೆ ನಗು ನಿಂತ ಮೇಲೆ, ಇವಳಲ್ಲದೆ ಇನ್ಯಾರು ಅಂತಲೂ ಅನ್ನಿಸಿತು.

ಮರಳವಾಡಿಯಿಂದ ಒಳಕ್ಕೆ, ಬಸ್ಸು ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಅನ್ನುವಂಥ ಊರು ನಮ್ಮದು. ಕಾನ್ವೆಂಟ್ ಅಂದರೆ ನಾಲ್ಕು ಕೋಣೆ, ಒಂದು ಔಷಧಿ ಕೊಠಡಿ, ಹಿತ್ತಲಲ್ಲಿ ಸಿಸ್ಟರುಗಳ ಸಮಾಧಿ. ಕ್ರೈಸ್ತರ ಮನೆಗಳು ಬೆರಳೆಣಿಕೆ, ಉಳಿದವರೆಲ್ಲ ರಾಗಿ, ರೇಷ್ಮೆ ಬೆಳೆಯುವ ಒಕ್ಕಲು ಮನೆಯವರು. ನಾನು ಕನಕಪುರ ಸೀಮೆಯವಳೇ, ಅವರ ಮಾತು ನನ್ನ ಮಾತು. ಅನುನ್ಸಿಯಾಟಾ ಬೆಳ್ತಂಗಡಿ ಕಡೆಯವಳು, ಆಡುವುದು ಪುಸ್ತಕದ ಕನ್ನಡ. "ತಾವು ಔಷಧಿ ಸೇವಿಸಿದಿರಾ?" ಅಂತ ಅವಳು ಕೇಳಿದರೆ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಅವಳ ಹೆಸರು ಯಾರ ಬಾಯಲ್ಲೂ ತಿರುಗಲಿಲ್ಲ. ಮಾತ್ರೆ ಸಿಸ್ಟ್ರು ಅಂದರು, ಅದೇ ಉಳಿಯಿತು.

ಯಾಕೆಂದರೆ ಅವಳು ಮಾತ್ರೆಯನ್ನು ಯಾರ ಕೈಗೂ ಕೊಟ್ಟು ಬರುತ್ತಿರಲಿಲ್ಲ. ಬೆಳಗಾದರೆ ಒಂದು ಸ್ಟೀಲ್ ಲೋಟ ಹಿಡಿದು ಹೊರಡುವಳು. ಕ್ಷಯದವರು, ಮೂರ್ಛೆಯವರು, ಬಿ.ಪಿ.ಯವರು, ಎಲ್ಲರ ಮನೆಗೂ ಹೋಗಿ, ಅವರ ಮನೆಯ ನೀರನ್ನೇ ಲೋಟಕ್ಕೆ ಹಾಕಿಸಿಕೊಂಡು, ತನ್ನ ಕಣ್ಣೆದುರೇ ನುಂಗಿಸುವಳು. ಆಮೇಲೆ "ನಾಲಗೆ ಎತ್ತಿ" ಅಂತ ಬಾಯೊಳಗೆ ಇಣುಕುವಳು. ಮೀಸೆ ತಿರುವುವ ಯಜಮಾನರೂ ಅವಳ ಮುಂದೆ ಮಕ್ಕಳ ಹಾಗೆ ನಾಲಗೆ ಎತ್ತಿದವರೇ. ನನ್ನನ್ನು ಕೇಳಿದರೆ ಅವಳು ಮಾಡಿದ ಅದ್ಭುತ ಅಂದರೆ ಇದೊಂದೇ. ಸಂತ ಪದವಿಗೆ ಅದ್ಭುತವೊಂದು ಬೇಕೇ ಬೇಕು, ಆದರೆ ಇಂಥದ್ದನ್ನು ರೋಮಿನವರು ಅದ್ಭುತ ಅನ್ನುವುದಿಲ್ಲ.

ಬೋರಕ್ಕನ ಮೊಮ್ಮಗಳು ಭಾನುಪ್ರಿಯ. ಹೆರಿಗೆಯಲ್ಲಿ ತಾಯಿ ಹೋದಳು. ತಂದೆ ನಾಗರಾಜು, ಬೋರಕ್ಕನ ಮಗ, ಬಿಡದಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದು ಹಬ್ಬಕ್ಕೆ ಬಂದು ಹೋಗುವವನು. ಹುಡುಗಿಗೆ ಮೊದಲ ಸಲ ಮೂರ್ಛೆ ಬಂದಾಗ ಕೈಗೆ ಬೀಗದಕೈ ತುರುಕುವವರು, ಮೂಗಿಗೆ ಚಪ್ಪಲಿ ಹಿಡಿಯುವವರು ಸುತ್ತ ನೆರೆದಿದ್ದರು. ಅನುನ್ಸಿಯಾಟಾ ಅವರನ್ನೆಲ್ಲ ಗದರಿಸಿ ಓಡಿಸಿದಳು, ಮಗುವನ್ನು ಕನಕಪುರಕ್ಕೆ ಕರೆದೊಯ್ದು ಡಾಕ್ಟರಿಗೆ ತೋರಿಸಿದಳು. ಅಂದಿನಿಂದ ಲೋಟ ಹಿಡಿದು ಹೊರಟರೆ ಮೊದಲ ಮನೆ ಬೋರಕ್ಕನದೇ, ಅಜ್ಜಿಗೆ ಬಿ.ಪಿ. ಮಾತ್ರೆ, ಮೊಮ್ಮಗಳಿಗೆ ಮೂರ್ಛೆಯದು. ಮೂರ್ಛೆ ಪೂರ್ತಿ ನಿಲ್ಲದಿದ್ದರೂ ಅಪರೂಪವಾಯಿತು, ಹುಡುಗಿ ಸ್ಕೂಲಿಗೆ ಹೋಗುವಂತಾದಳು.

ಒಂದು ದಿನ ಅನುನ್ಸಿಯಾಟಾ ಸುತ್ತು ಮುಗಿಸಿ ಬಂದು, ಲೋಟ ತೊಳೆದು ಮಗುಚಿಟ್ಟು, ಕೂತಲ್ಲೇ ಹೋಗಿಬಿಟ್ಟಳು. ಉಳಿದವರು ನಾವಿಬ್ಬರು, ಇಬ್ಬರಿಗೂ ಮಂಡಿನೋವು. ಇನ್ನು ಮೇಲೆ ವಾರಕ್ಕಾಗುವಷ್ಟು ಮಾತ್ರೆ ಕೈಗೆ ಕೊಟ್ಟುಬಿಡಿ ಎಂದು ಮೇಲಿನಿಂದ ಹೇಳಿದರು. ಹಾಗೇ ಮಾಡಿದೆವು.

ಬೋರಕ್ಕ ಪ್ರತಿ ಶುಕ್ರವಾರ ಮೊಮ್ಮಗಳನ್ನು ಕರೆದುಕೊಂಡು ಸಮಾಧಿಗೆ ಬರುತ್ತಿದ್ದಳು. ಶಿಲುಬೆಗೆ ಅರಿಶಿನ ಕುಂಕುಮ ಇಟ್ಟು, ಕರ್ಪೂರ ಹಚ್ಚಿ, ಸಮಾಧಿಯ ಮಣ್ಣನ್ನು ಹುಡುಗಿಯ ಹಣೆಗೆ ಬಳಿಯುತ್ತಿದ್ದಳು. ಅವಳು ಹಚ್ಚುವುದು, ನಾನು ಒರೆಸುವುದು. ಧರ್ಮಸಭೆ ಸಂತಳೆಂದು ಒಪ್ಪುವ ಮುಂಚೆ ಹೀಗೆಲ್ಲ ಪೂಜೆ ಮಾಡಬಾರದು ಕಣಕ್ಕ ಅಂದರೆ, "ಹೊಲದ ಬದಿ ಕಲ್ಲಿಗೂ ಕರ್ಪೂರ ಹಚ್ತೀವಿ. ಈಯಮ್ಮನಿಗ್ಯಾಕೆ ಬ್ಯಾಡ?" ಅನ್ನುವಳು. ಆ ದಿನಗಳಲ್ಲೇ ಭಾನುಪ್ರಿಯಳ ಮೂರ್ಛೆ ಪೂರ್ತಿ ನಿಂತಿತು. ಊರೆಲ್ಲ ಮಣ್ಣಿನ ಮಹಿಮೆ ಅಂದಿತು.

ಆಷಾಢದಲ್ಲಿ ಸಂತ ಪದವಿಯ ವಿಚಾರಣೆಗೆ ಧರ್ಮಪ್ರಾಂತ್ಯದಿಂದ ಫಾದರ್ ರೋಶನ್ ಬಂದರು. ಒಳ್ಳೆಯ ಮನುಷ್ಯ, ನೆಲದ ಮೇಲೆ ಕೂತು ಎಲ್ಲರ ಮಾತು ಕೇಳಿಸಿಕೊಂಡರು. ಬೋರಕ್ಕ ಮೊಮ್ಮಗಳನ್ನು ಮುಂದೆ ನಿಲ್ಲಿಸಿ ಮಣ್ಣಿನ ಕತೆ ಹೇಳಿದಳು.

"ಮಾತ್ರೆ ತಗೋತಾಳಾ?" ಎಂದರು ಫಾದರ್.

"ದಿನಾಲೂ ತಗತಾಳೆ. ಸಿಸ್ಟ್ರು ಹಾಕಿದ್ ಗೆರೆ ಅಲ್ವಾ ಸ್ವಾಮಿ."

ಫಾದರ್ ಪೆನ್ನು ಜೇಬಿಗೆ ಸಿಕ್ಕಿಸಿದರು. "ಹಾಗಾದರೆ ಇದು ಲೆಕ್ಕಕ್ಕೆ ಬರೋದಿಲ್ಲಮ್ಮ. ಮಾತ್ರೆಯಿಂದಲೇ ವಾಸಿಯಾಯಿತು ಅಂತಾರೆ. ಔಷಧಿಯಿಲ್ಲದೆ ವಾಸಿಯಾಗಿದ್ದರೆ ಬೇರೆ ಮಾತು."

ಬೋರಕ್ಕನ ಮುಖ ನೋಡಿ ನನಗೆ ಹೆದರಿಕೆಯಾಯಿತು. ಅವರು ಹೊರಟ ಮೇಲೆ ಅವಳ ಕೈ ಹಿಡಿದುಕೊಂಡೇ ಹೇಳಿದೆ, ಮಾತ್ರೆ ಬಿಟ್ಟರೆ ಹುಡುಗಿಯ ಪ್ರಾಣಕ್ಕೇ ಬರುತ್ತದೆ ಎಂದು. "ಅಯ್ಯೋ ಬುಡಿ ಸಿಸ್ಟ್ರೇ, ನಂಗೇನ್ ಅಷ್ಟೂ ತಿಳಿಯಾಕಿಲ್ವಾ?" ಎಂದು ನಕ್ಕಳು. ವಾರವಾರ ಬಂದು ಮಾತ್ರೆ ಇಸಿದುಕೊಂಡು ಹೋದಳು. ಹೋಗುವಾಗೆಲ್ಲ ಒಂದೇ ಪ್ರಶ್ನೆ: "ಫಾದ್ರು ತಿರ್ಗಾ ಯಾವತ್ತು ಬತ್ತಾರೆ?"

ಆಮೇಲೆ ತಿಳಿದದ್ದನ್ನು ಈಗಲೇ ಹೇಳಿಬಿಡುತ್ತೇನೆ. ಅಂದಿನಿಂದ ಅವಳು ಹುಡುಗಿಗೆ ಒಂದು ಮಾತ್ರೆಯನ್ನೂ ಕೊಡಲಿಲ್ಲ. ನಿಂಗೆ ವಾಸಿಯಾಗೈತೆ, ಇನ್ನು ಬ್ಯಾಡವಂತೆ ಎಂದು ನಂಬಿಸಿದಳು. ಹುಡುಗಿಗೂ ಮಾತ್ರೆ ಸಾಕಾಗಿತ್ತು. ಶ್ರಾವಣ ಕಳೆಯಿತು, ಗೌರಿ ಹಬ್ಬ ಕಳೆಯಿತು, ಮೂರ್ಛೆ ಬರಲಿಲ್ಲ. ಬೋರಕ್ಕನ ಎದೆಯೊಳಗೆ ಎಂಥ ಸಂತೋಷ ಇದ್ದಿರಬೇಕು ಅಂತ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ದಸರಾ ರಜೆಯಲ್ಲಿ ಭಾನುಪ್ರಿಯ ರೇಷ್ಮೆ ಹುಳುವಿಗೆ ಸೊಪ್ಪು ಕೊಯ್ಯಲು ತೋಟಕ್ಕೆ ಹೋದಳು. ಅಲ್ಲೇ ಕೃಷಿಹೊಂಡ. ಒಳಗೆಲ್ಲ ಕರೀ ಪ್ಲಾಸ್ಟಿಕ್ ಹಾಸಿದ್ದಾರೆ. ಕೈ ತೊಳೆಯಲು ಅಂಚಿಗೆ ಇಳಿದಿರಬೇಕು. ಹೊತ್ತು ಏರಿದರೂ ಬಾರದ ಮೊಮ್ಮಗಳನ್ನು ಹುಡುಕಿಕೊಂಡು ಹೋದ ಬೋರಕ್ಕನಿಗೆ ನೀರ ಮೇಲೆ ದುಪಟ್ಟ ಕಂಡಿತು.

ಹುಡುಗಿಯ ಮುಖ ತೊಳೆದವಳು ನಾನು. ತುಟಿಯ ಬದಿಯಲ್ಲಿ ರಕ್ತ ಕಂಡು ಬಾಯಿ ಬಿಡಿಸಿ ನೋಡಿದೆ. ನಾಲಗೆ ಕಚ್ಚಿಕೊಂಡಿತ್ತು. ಮೂರ್ಛೆ ಬಂದವರ ನಾಲಗೆಯನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಮಣ್ಣು ಮಾಡಿ ಬಂದ ಮೇಲೆ ಬೋರಕ್ಕನನ್ನು ಕೇಳಿದೆ. "ಮಾತ್ರೆ ಕೊಡ್ತಿದ್ದೆ ತಾನೆ?"

ಅವಳು ಕಾನ್ವೆಂಟಿನ ಹಿತ್ತಲಿಗೆ ನಡೆದಳು. ಅನುನ್ಸಿಯಾಟಾಳ ಸಮಾಧಿಯ ತಲೆಕಡೆ ಕೂತು ಕೈಯಿಂದ ಮಣ್ಣು ಕೆದಕಿದಳು. ನಾನು ಕೊಟ್ಟ ಮಾತ್ರೆಗಳೆಲ್ಲ ಅಲ್ಲಿದ್ದವು, ಒಂದು ಮಾತ್ರೆಯನ್ನೂ ಬಿಡಿಸದ ಹಾಳೆಗಳು, ಒಂದೊಂದಕ್ಕೂ ಅರಿಶಿನ ಹಚ್ಚಿತ್ತು.

"ಅವರ ಮಾತ್ರೆ ಅವ್ರಿಗೇ ಒಪ್ಪಿಸ್ದೆ ಸಿಸ್ಟ್ರೇ. ನೀನೇ ನೋಡ್ಕೊ ಅಂದೆ. ಅವ್ರು ದೇವ್ರಾಗ್ಲಿ ಅಂತ."

ಸಿಟ್ಟು ಅವಳ ಮೇಲೆ ಬಂತು, ಫಾದರ್ ಮೇಲೆ ಬಂತು, ಸುಮ್ಮನೆ ಮಲಗಿರುವ ಅನುನ್ಸಿಯಾಟಾಳ ಮೇಲೂ ಬಂತು. ಬದುಕಿದ್ದಾಗ ಊರಿನವರ ನಾಲಗೆಯ ಕೆಳಗೆಲ್ಲ ಇಣುಕಿದವಳು, ತನ್ನ ತಲೆಯ ಹತ್ತಿರ ಹೂತದ್ದನ್ನು ನೋಡಬಾರದಿತ್ತೇ?

ಫಾದರ್ ರೋಶನ್ ಮತ್ತೆ ಬರುವ ದಿನ ಬೋರಕ್ಕ ಮೊದಲೇ ಬಂದು ಜಗಲಿಯಲ್ಲಿ ಕೂತಿದ್ದಳು. ತಲೆ ಬಾಚಿಕೊಂಡಿರಲಿಲ್ಲ.

"ಸಿಸ್ಟ್ರೇ, ಮೂರ್ಛೆ ಅಂತ ಹೇಳ್ಬ್ಯಾಡಿ. ಕಾಲ್ ಜಾರ್ತು ಅನ್ನಾನ. ಪ್ಲಾಸ್ಟಿಕ್ಕು ಜಾರ್ತದೆ, ಎಲ್ರಿಗೂ ಗೊತ್ತು. ಮಾತ್ರೆ ಬುಟ್ಮೇಲೂ ಚೆನ್ನಾಗೇ ಇದ್ಲು, ಅದು ಸುಳ್ಳಲ್ಲ. ಬರ್ಕೊಳ್ಲಿ. ಬರ್ಕೊಂಡ್ರೆ ಸಿಸ್ಟ್ರು ದೇವ್ರಾಯ್ತಾರೆ."

"ಬೋರಕ್ಕ, ಅದು..."

"ಇಲ್ದಿದ್ರೆ ನನ್ ಕೂಸು ಸುಮ್ಕೆ ಸತ್ತಂಗಾಯ್ತದೆ."

ಒಂದು ಕ್ಷಣ ನನ್ನ ಮನಸ್ಸೂ ವಾಲಿತು. ಯಾರೂ ಕಂಡಿಲ್ಲ. ಹುಡುಗಿಯ ನಾಲಗೆ ನೋಡಿದವಳು ನಾನೊಬ್ಬಳೇ. ಒಂದು ಸುಳ್ಳಿಗೆ ಈ ಮುದುಕಿಯ ಉಳಿದ ದಿನಗಳು ಒಸಿ ಹಗುರವಾಗುವುದಾದರೆ ಆಗಲಿ, ಮುಂದೆ ದೇವರ ಹತ್ತಿರ ನಾನೇ ಲೆಕ್ಕ ಕೊಡುತ್ತೇನೆ ಅಂತಲೂ ಅಂದುಕೊಂಡೆ. ಆದರೆ ಫಾದರ್ ಎದುರು ಕೂತಾಗ ಕಣ್ಣ ಮುಂದೆ ಬಂದದ್ದು ಊರಿನ ಉಳಿದ ಮಕ್ಕಳು. ಮೂರ್ಛೆಯವರು ಇನ್ನೂ ಇದ್ದಾರೆ. ಮಾತ್ರೆ ಬಿಟ್ಟು ಮಣ್ಣು ಹಚ್ಚಿದರೆ ವಾಸಿಯಾಗುತ್ತದೆ ಎಂದು ಧರ್ಮಸಭೆಯೇ ಮುದ್ರೆ ಒತ್ತಿದರೆ ಅವರ ಗತಿಯೇನು? ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಬೋರಕ್ಕ ಪಕ್ಕದಲ್ಲೇ ಇದ್ದಳು.

ಫಾದರ್ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಅವರು ಬರೆಯಲಿಲ್ಲ. ಬೋರಕ್ಕನ ಕೈ ಮುಟ್ಟಲು ಹೋದರು, ಅವಳು ಕೈ ಎಳೆದುಕೊಂಡು ನನ್ನ ಕಡೆ ತಿರುಗಿದಳು.

"ಹಂಗಾದ್ರೆ ಯಾಕ್ ಸತ್ಲು ಸಿಸ್ಟ್ರೇ?"

ಅವಳು ಎದ್ದು ಹೋದಳು.

ಅದಾದ ಮೇಲೆ ಬೋರಕ್ಕ ಕಾನ್ವೆಂಟಿನ ಕಡೆ ತಲೆ ಹಾಕಲಿಲ್ಲ. ನಾಗರಾಜು ಫೋನ್ ಮಾಡಿ, ಅವ್ವ ಬಿ.ಪಿ. ಮಾತ್ರೆ ಮುಟ್ಟುತ್ತಿಲ್ಲ, ಯಾರ ಮಾತೂ ಕೇಳುತ್ತಿಲ್ಲ ಅಂದ. ಮಾರನೆಯ ಬೆಳಿಗ್ಗೆ ಕಪಾಟಿನಿಂದ ಅನುನ್ಸಿಯಾಟಾಳ ಲೋಟ ತೆಗೆದೆ, ಬೂದಿ ಹಾಕಿ ಬೆಳಗಿದೆ. ಮಂಡಿ ಹಿಡಿದುಕೊಂಡೇ ಅವಳ ಮನೆಗೆ ಹೋದೆ. ಬೋರಕ್ಕ ಬಾಗಿಲಲ್ಲಿ ಕೂತಿದ್ದಳು, ಏಳಲಿಲ್ಲ. ನಾನೇ ಒಳಗೆ ಹೋಗಿ ನೀರು ತುಂಬಿಕೊಂಡು ಬಂದು ಮಾತ್ರೆ ಚಾಚಿದೆ.

"ನಂಗ್ಯಾಕೆ ಬುಡಿ."

"ನುಂಗೋವರೆಗೂ ನಾನು ಹೋಗೋದಿಲ್ಲ."

ಅವಳ ಪಕ್ಕ ಕೂತೆ. ಹಾಲು ಹಾಕಿ ಬರುವವರು ಹೋದರು, ಸ್ಕೂಲ್ ಮಕ್ಕಳು ಹೋದರು, ಬಿಸಿಲು ಹೊಸಲಿಗೆ ಬಂತು. ಕೊನೆಗೆ ಅವಳು ಮಾತ್ರೆ ಬಾಯಿಗೆ ಹಾಕಿಕೊಂಡು ಎರಡು ಗುಟುಕು ನೀರು ಕುಡಿದಳು.

"ಸಿಸ್ಟ್ರು ಇನ್ನು ದೇವ್ರಾಗಲ್ವಾ?"

"ಗೊತ್ತಿಲ್ಲ ಬೋರಕ್ಕ. ನಾಲಗೆ ಎತ್ತು."

ಅವಳು ನನ್ನನ್ನೇ ನೋಡಿದಳು. ಆಮೇಲೆ ಬಾಯಿ ತೆರೆದಳು. ಮಾತ್ರೆ ನಾಲಗೆಯ ಕೆಳಗೇ ಇತ್ತು. ನಾನು ಮತ್ತೆ ಲೋಟಕ್ಕೆ ನೀರು ತರಲು ಎದ್ದೆ.