ಖಾಲಿ ಡಬ್ಬಿಗೆ ಮೂರು ದಿನದ ಕಾವಲು

ಬಣ್ಣದ ಕಾರ್ಖಾನೆ ಮುಚ್ಚುತ್ತಾರಂತೆ ಎಂಬ ಸುದ್ದಿ ಬಂದದ್ದೇ ತಡ, ಗುಮಾಸ್ತೆ ಕಚೇರಿಯ ಬಾಗಿಲಿಗೆ ಅಡ್ಡ ಕೂತಳು. ತೊಟ್ಟಿ ವಿಭಾಗದ ಏಳು ಹೆಂಗಸರು ಅವಳ ಪಕ್ಕ ಕೂತರು.

ಒಳಗೆ ಅವಳ ಕಂಪ್ಯೂಟರ್ ಇತ್ತು. ತೊಟ್ಟಿಯಲ್ಲಿ ಬಣ್ಣ ಕಲಸುವ ನಲವತ್ತು ಜನರ ಶ್ವಾಸಕೋಶದ ವರದಿಗಳನ್ನು ಆರು ವರ್ಷದಿಂದ ಅದರಲ್ಲೇ ತುಂಬಿದ್ದಳು. ಟೈಪು ಮಾಡಿದ ಮೇಲೆ ಕಾಗದ ಹರಿದು ಬುಟ್ಟಿಗೆ ಹಾಕುವುದು ಅಲ್ಲಿಯ ಪದ್ಧತಿ. ನಲವತ್ತರಲ್ಲಿ ಅವಳ ತಮ್ಮನೂ ಒಬ್ಬ. ನಾಲ್ಕು ಮೆಟ್ಟಿಲು ಹತ್ತಿದರೆ ಅವನಿಗೆ ಏದುಸಿರು. ರೋಗ ಕೆಲಸದಿಂದಲೇ ಬಂತೆಂದು ತೋರಿಸಿದರೆ ಮಾತ್ರ ಕಾರ್ಖಾನೆ ಚಿಕಿತ್ಸೆ ಕೊಡಿಸಬೇಕು. ತೋರಿಸಲು ಆ ವರದಿಗಳೇ ಬೇಕು.

"ಈ ಕಂಪ್ಯೂಟರ್ ಡಬ್ಬಿ ಹೊರಗೆ ಹೋಗ್ಬೇಕಾದ್ರೆ ನನ್ನ ದಾಟಿಯೇ ಹೋಗ್ಬೇಕು," ಎಂದಳು.

ತಮ್ಮ ನಕ್ಕ, ಕೆಮ್ಮಿದ. "ನಿನ್ನ ದಾಟೋಕೆ ಕ್ರೇನೇ ತರಿಸ್ಬೇಕು ಬಿಡಕ್ಕಾ."

"ಮುಚ್ಚೋ ಬಾಯಿ. ಇರೋ ಉಸಿರು ಉಳಿಸ್ಕೋ."

ಮೂರು ದಿನ ಡಬ್ಬಿಯ ತಂಟೆಗೆ ಯಾರೂ ಬರಲಿಲ್ಲ. ಮ್ಯಾನೇಜರ್ ಮುಗುಳ್ನಗುತ್ತ ಪಕ್ಕಕ್ಕೆ ಸರಿದು ಹೋಗುತ್ತಿದ್ದ. "ಹೆದರಿದಾನೆ ಕಣೇ," ಎಂದರು ಹೆಂಗಸರು.

ನಾಲ್ಕನೆಯ ಬೆಳಿಗ್ಗೆ ಗುಮಾಸ್ತೆ ಬಟನ್ ಒತ್ತಿ ಪಾಸ್‌ವರ್ಡ್ ಹೊಡೆದಳು. ನಿಮ್ಮ ಖಾತೆ ರದ್ದಾಗಿದೆ, ಎಂದಿತು ಪರದೆ. ಮತ್ತೆ ಹೊಡೆದಳು. ಮತ್ತೂ ಅದೇ.

ಕಂಪ್ಯೂಟರ್ ರಿಪೇರಿ ಅಂಗಡಿಯ ಭಾವನನ್ನು ಕರೆಸಿದರು. ಅವನು ಸ್ಕ್ರೂ ಬಿಚ್ಚಿ ಡಬ್ಬಿ ತೆರೆದ. ಅಂಗೈಯಗಲದ ಹಸಿರು ಹಲಗೆ, ಒಂದಿಷ್ಟು ಧೂಳು.

"ಇದರಲ್ಲಿ ಏನೂ ಇಲ್ಲ ಕಣಮ್ಮ."

"ಇಲ್ಲ ಅಂದ್ರೆ? ದಿನಾ ಎಲ್ಲಾ ಇಟ್ಟಲ್ಲೇ ಇರ್ತಿತ್ತಲ್ಲ ಭಾವ! ಪಕ್ಕದ ಸೀಟಲ್ಲಿ ಕೂತ್ರೂ ನನ್ನ ಫೈಲುಗಳೇ ಬರ್ತಿದ್ವು!"

"ಅದಕ್ಕೇ ಬರ್ತಿದ್ವು. ಅವು ದೂರದಲ್ಲೆಲ್ಲೋ ದೊಡ್ಡ ಯಂತ್ರದಲ್ಲಿದ್ವು. ಕ್ಲೌಡ್ ಅಂತಾರಲ್ಲ, ಅದು. ಇದು ಅವನ್ನ ತೋರಿಸೋ ಕಿಟಕಿ, ಅಷ್ಟೆ. ನೀವಿಲ್ಲಿ ಕಾವಲು ಕೂತ್ರಿ, ಕಾರ್ಖಾನೆಯವರು ಅಲ್ಲಿಂದಲೇ ಮುಚ್ಚಿದ್ರು. ಅವರವರ ವರದಿ ಪ್ರಿಂಟ್ ತೆಗೆದು ಅವರವರ ಕೈಗೆ ಕೊಡು ಅಂತ ಹೋದ ವರ್ಷವೇ ಬಡ್ಕೊಂಡೆ."

"ಕಾಗದ ಇಲಿ ತಿನ್ನುತ್ತೆ, ಇದು ಭದ್ರ ಅಂದಿದ್ದೆ ನಾನು..." ಅವಳು ತೆರೆದ ಡಬ್ಬಿಯೊಳಗೆ ಮತ್ತೊಮ್ಮೆ ಬಗ್ಗಿ ನೋಡಿದಳು.

ಮುಖ್ಯ ಕಚೇರಿಗೆ ಅರ್ಜಿ ಹಾಕಿದರು. ತಿಂಗಳಾದ ಮೇಲೆ ಒಂದೇ ಸಾಲಿನ ಉತ್ತರ: ಅಂಥ ದಾಖಲೆಗಳು ನಮ್ಮಲ್ಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ತಮ್ಮನನ್ನು ಕೇಳಿದರು, "ಹಳೇ ವರದಿ ಇಲ್ವಾ? ಸಿಗರೇಟು ಎಷ್ಟು ವರ್ಷದಿಂದ?"

ಜನ್ಮದಲ್ಲಿ ಸಿಗರೇಟು ಮುಟ್ಟದವನು ಅಕ್ಕನ ಮುಖ ನೋಡಿದ. ಅವಳು ನೆಲ ನೋಡಿದಳು.

ಈಗ ಅವಳು ಪಕ್ಕದ ಕಾರ್ಖಾನೆಯ ಗೇಟಿನಲ್ಲಿ ಪಾಳಿ ಬದಲಾಗುವ ಹೊತ್ತಿಗೆ ನಿಲ್ಲುತ್ತಾಳೆ. "ನಿನ್ನ ವರದಿ ನಿನ್ನ ಕೈಲಿದೆಯಾ?" ಎಂದು ಒಬ್ಬೊಬ್ಬರನ್ನೂ ಕೇಳುತ್ತಾಳೆ. "ಎಲ್ಲಾ ಕಂಪ್ಯೂಟರಲ್ಲಿದೆ ಬಿಡಕ್ಕಾ," ಎನ್ನುತ್ತ ಜನ ಬಸ್ಸಿಗೆ ಓಡುತ್ತಾರೆ.

ದುಡಿಯುವ ಬಂಧುಗಳೇ, ನೀವು ಓಡಬೇಡಿ. ಯಂತ್ರ ಎಲ್ಲಿದ್ದರೂ ಇರಲಿ, ಅದರ ಕೀಲಿ ಯಾರ ಕೈಲಿದೆ ಎಂದು ಕೇಳಿ. ನೇಮಕದ ಪತ್ರ, ಹಾಜರಿ, ಆರೋಗ್ಯದ ವರದಿ, ಇವುಗಳ ಪ್ರತಿ ಕೊಡಿ ಎಂದು ಬರಹದಲ್ಲಿ ಕೇಳಿ, ಪಡೆದು ಮನೆಯಲ್ಲಿಡಿ. ಮಾಲೀಕರ ಗುಟ್ಟು ನಮಗೆ ಬೇಡ. ನಮ್ಮ ಎದೆಯೊಳಗಿನ ಸುದ್ದಿ ಮಾತ್ರ ನಮ್ಮದು. ಕೆಲಸ ಇರುವಾಗಲೇ, ಇವತ್ತೇ ಕೇಳಿ. ಆ ತಮ್ಮನ ಪಾಲಿಗೆ ವರದಿ ಕೇಳುವ ದಿನ ದಾಟಿಹೋಗಿದೆ.