ಹೊತ್ತು ಮುಟ್ಟಿಸಿದವನು

"ತಲೆ ಕಡೆ ಸ್ವಲ್ಪ ತಗ್ಗಿಸ್ರೋ, ಗೋಡೆಗೆ ತಾಗತ್ತೆ!"

ನಾಲ್ಕನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಶವಪೆಟ್ಟಿಗೆ ಸಿಕ್ಕಿಕೊಂಡಿತ್ತು. ಹೊತ್ತವರೆಲ್ಲ ಮನೆ ಸಾಮಾನು ಸಾಗಿಸುವ ಕೂಲಿಗಳು. ಒಳಗೆ ಮಲಗಿದ್ದವನು ಅವರಿಗೆ ಕೆಲಸ ಕಲಿಸಿದ ಮೇಸ್ತ್ರಿ. ಎಂಥ ಬೀರುವನ್ನಾದರೂ ಎಂಥ ಇಕ್ಕಟ್ಟಿನಲ್ಲೂ ಗೀರು ಬೀಳದಂತೆ ಇಳಿಸುತ್ತಿದ್ದುದರಿಂದ ಅವನಿಗೆ ಬೀರಣ್ಣ ಎಂಬ ಹೆಸರು. ಅದು ಬೀರುವಿನಿಂದಲ್ಲ, ಬಿಯರಿನಿಂದ ಬಂದದ್ದು ಎನ್ನುವವರೂ ಇದ್ದರು. ಎರಡೂ ಸುಳ್ಳಲ್ಲ.

"ಬದುಕಿದ್ದಿದ್ರೆ ಇಷ್ಟೊತ್ತಿಗೆ ನಮ್ಮ ಜನ್ಮ ಜಾಲಾಡಿಬಿಡ್ತಿದ್ದ," ಎಂದ ಮುಂದಿದ್ದ ಬೋಳುತಲೆಯವನು.

"ಬಾಯಿ ಸಾಕು, ಕಾಲಿನ ಕಡೆ ಎತ್ತಿ," ಎಂದಳು ಮೇಲಿನಿಂದ ಬೀರಣ್ಣನ ಹೆಂಡತಿ. ಪೆಟ್ಟಿಗೆ ಸರಾಗವಾಗಿ ತಿರುಗಿತು. ಯಾರೋ ನಕ್ಕರು. ಕಣ್ಣೊರೆಸಿಕೊಳ್ಳುತ್ತ ಅವಳೂ ನಕ್ಕಳು.

ಕೆಳಗೆ ಬೀರಣ್ಣನ ಅಣ್ಣ ಪಾದ್ರಿಯನ್ನು ಪಕ್ಕಕ್ಕೆ ಕರೆದಿದ್ದರು. ಈ ಅಣ್ಣ ಗಡಿಯಾರ ರಿಪೇರಿ ಮಾಡುವವರು; ಬಾಳೂ ಹಾಗೆಯೇ, ಒಂದು ಮುಳ್ಳು ಆಚೀಚೆ ಆದದ್ದಿಲ್ಲ.

"ಅವನ ಕುಡಿತದ ಪುರಾಣ ಚರ್ಚಲ್ಲಿ ಬೇಡ. ನಿಷ್ಕಳಂಕ ಮನುಷ್ಯ ಅಂತ ಎರಡು ಮಾತು ಹೇಳಿ ಮುಗಿಸಿ. ಮನೆತನದ ಮರ್ಯಾದೆ ನೋಡಿ."

ಕೊನೆಯ ಮೆಟ್ಟಿಲಿಳಿದ ಹೆಂಡತಿಗೆ ಅದು ಕೇಳಿಸಿತು. "ಭಾವ, ಆ ಮಾತು ಯೇಸು ಒಬ್ಬನಿಗೇ ಮೀಸಲು. ಇವರಿಗೆ ತೊಡಿಸಿದ್ರೆ ಅಳತೆ ತಪ್ಪಿದ ಅಂಗಿ ಆಗತ್ತೆ."

"ಮತ್ತೆ ಏನು ಹೇಳಬೇಕು?"

"ಆದದ್ದನ್ನ. ನಾನೇ ಹೇಳ್ತೀನಿ."

*

ಮದುವೆಯಾದ ಹೊಸದರಲ್ಲಿ ಬೀರಣ್ಣ ಹೆಂಡತಿಯನ್ನು ಚರ್ಚಿನ ಬಾಗಿಲವರೆಗೆ ಬಿಟ್ಟು, ತಾನು ಹೊರಗೇ ಕೂರುತ್ತಿದ್ದ. ಕುಡಿತ ಬಿಟ್ಟೆನೆಂದು ಆಣೆ ಇಡುವುದು, ಕೂಲಿ ಕೈಗೆ ಬಂದ ಸಂಜೆ ಆಣೆಯನ್ನೂ ಕೂಲಿಯನ್ನೂ ಕುಡಿದು ಬರುವುದು. ಒಂದು ಭಾನುವಾರ ಮನೆಗೆ ಮರಳುವಾಗ ಕೇಳಿದ:

"ಇವತ್ತೇನಂದ್ರು ಒಳಗೆ?"

"ಯೇಸು ನಮ್ಮ ಮಹಾಯಾಜಕ ಅಂತೆ. ದೇವರ ಮುಂದೆ ನಮ್ಮ ಪರವಾಗಿ ನಿಲ್ಲೋನು. ನಮಗೆ ಬರೋ ಶೋಧನೆಯೆಲ್ಲ, ಅಂದ್ರೆ ಪಾಪದ ಸೆಳೆತವೆಲ್ಲ, ಅವನಿಗೂ ಬಂತು, ಆದ್ರೆ ಪಾಪ ಮಾಡ್ಲಿಲ್ಲ."

"ಅಲ್ಲೇ ಇರೋದು ತೊಡಕು. ಒಂದ್ಸಲಾನೂ ಬೀಳದೋನಿಗೆ ಬಿದ್ದೋನ ಸಂಕಟ ಏನು ಗೊತ್ತು?"

ಅವಳು ರಸ್ತೆಯ ನಡುವೆಯೇ ನಿಂತಳು. "ನಿನ್ನೆ ಪಿಯಾನೋ ಹೊತ್ರಲ್ಲ, ಅರ್ಧದಲ್ಲೇ ಒಬ್ಬ ಕೈಬಿಟ್ಟ ಅಂದ್ರಿ. ಅದರ ಪೂರ್ತಿ ಭಾರ ಯಾರಿಗೆ ಗೊತ್ತು? ಅವನಿಗಾ, ಮೇಲಿನ ತನಕ ಹೊತ್ತು ಮುಟ್ಟಿಸಿದ ನಿಮಗಾ?"

ಬೀರಣ್ಣ ತಲೆ ಕೆರೆದುಕೊಳ್ಳುತ್ತ ಬೀದಿಯ ಕೊನೆಯವರೆಗೆ ನಡೆದ. ಅಲ್ಲಿ ಇದ್ದಕ್ಕಿದ್ದಂತೆ ಅಂಗಡಿಯವರೆಲ್ಲ ಹೊರಗೆ ಇಣುಕುವಂತೆ ನಗತೊಡಗಿದ.

"ಅಂದ್ರೆ ನನ್ನ ಕಷ್ಟ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು ಅನ್ನು!"

ಮುಂದಿನ ವಾರ ಒಳಗೆ ಹೋದವನು ನೇರ ಮೊದಲ ಬೆಂಚಿನಲ್ಲೇ ಕೂತ. ಆಮೇಲೂ ಬಿದ್ದ, ಒಂದಲ್ಲ, ಹತ್ತಾರು ಸಲ. ಬಿದ್ದಾಗಲೆಲ್ಲ ಮುಖ ಮುಚ್ಚಿಕೊಳ್ಳದೆ, ಬಾಯಿ ತೊಳೆದು, ಅಲ್ಲಿಗೇ ನಡೆದ. "ಗೊತ್ತಿರೋನ ಹತ್ರ ನಾಚಿಕೆ ಎಂಥದು?" ಎನ್ನುತ್ತಿದ್ದ. ಬೆನ್ನು ಹತ್ತಿ ಬೇಸರವಾಯಿತೋ ಏನೋ, ಕೊನೆಗೆ ಕುಡಿತವೇ ಅವನನ್ನು ಬಿಟ್ಟುಹೋಯಿತು.

*

ಚರ್ಚಿನಲ್ಲಿ ಅವಳು ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಕೂಲಿಗಳ ಸಾಲಿಗೆ ಸಾಲೇ ಮೂಗು ಸೀಟಿಕೊಳ್ಳುತ್ತ ನಗುತ್ತಿತ್ತು.

"ನನಗೆ ಪ್ರಾರ್ಥನೆ ಒಂದನ್ನೇ ಉಳಿಸಿದ್ದೀರಿ, ಅಮ್ಮಾ," ಎಂದು ಪಾದ್ರಿ ಎದ್ದರು. ಅಣ್ಣ ಮಾತ್ರ ತಲೆ ಎತ್ತಲಿಲ್ಲ.

ಸಮಾಧಿಯ ಬಳಿ ಎಲ್ಲರೂ ಮಣ್ಣು ಹಾಕಿ ಸರಿದರು. ಅಣ್ಣ ಮಂಡಿಯೂರಿ, ತುಟಿ ಅಲುಗಿಸುತ್ತ ಬಹಳ ಹೊತ್ತು ಹಾಗೆಯೇ ಇದ್ದರು. ಏಳಹೋದರೆ ಮಂಡಿ ಮಾತು ಕೇಳಲಿಲ್ಲ.

"ಕೈ ಕೊಡ್ಲಾ, ಯಜಮಾನ್ರೇ?" ಎಂದ ಬೋಳುತಲೆಯವನು.

"ಬೇಡ, ಬೇಡ. ನಾನೇ ಏಳ್ತೀನಿ."

ಮತ್ತೊಮ್ಮೆ ಪ್ರಯತ್ನಿಸಿದರು, ಜಾರಿ ಹಸಿಮಣ್ಣಿನಲ್ಲಿ ಕೂತೇಬಿಟ್ಟರು. ಇಸ್ತ್ರಿಯ ಪ್ಯಾಂಟು ಕೆಸರಾಯಿತು. ನಗಬೇಕೋ ಬಿಡಬೇಕೋ ಯಾರಿಗೂ ತಿಳಿಯಲಿಲ್ಲ. ಅಣ್ಣನ ಭುಜಗಳು ಕುಲುಕತೊಡಗಿದವು. ಅಳುತ್ತಿದ್ದಾರೆಂದು ಬೀರಣ್ಣನ ಹೆಂಡತಿ ಬಾಗಿ ನೋಡಿದಳು. ಅವರು ನಗುತ್ತಿದ್ದರು.

"ನೋಡ್ತಾ ನಿಂತ್ರೆ ಹೇಗ್ರೋ? ಎತ್ತಿ!" ಎಂದು ಅವರು ಮಣ್ಣಾದ ಎರಡೂ ಕೈಗಳನ್ನು ಮಗುವಿನಂತೆ ಮೇಲಕ್ಕೆ ಚಾಚಿದರು.